ಮಾನಸಿಕ ಆರೋಗ್ಯ ಸೇವೆಯಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳ ತರಬೇತಿ: ಚಾಮರಾಜನಗರ ಮತ್ತು ಗುಂಡ್ಲುಪೇಟೆ ನಾಗರಿಕರಿಗೆ ಮಾಹಿತಿ

ಮಾನಸಿಕ ಕಾಯಿಲೆಯ ಚಿಕಿತ್ಸೆಗಾಗಿ ಸರ್ಕಾರಿ ಆಸ್ಪತ್ರೆಗೆ ಬರುವ ನಾಗರಿಕರನ್ನು ವೈದ್ಯರ ಭೇಟಿಗೆ ಮುಂಚೆ ಅಥವಾ ಆನಂತರ ಸಮಾಜಕಾರ್ಯ ಸ್ನಾತಕೋತ್ತರ ಪದವಿಯ (ಎಂ.ಎಸ್.ಡಬ್ಲ್ಯು.) ವಿದ್ಯಾರ್ಥಿಗಳು ಮಾತನಾಡಿಸುವ ಸಂದರ್ಭಗಳಿರುತ್ತವೆ. ಇವರ ತರಬೇತಿಯ ಸ್ವರೂಪ, ಇವರು ಮಾಡಬಹುದಾದ ಮತ್ತು ಮಾಡಬಾರದ ಕೆಲಸಗಳ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಮಾನಸಿಕ ಚಿಕಿತ್ಸೆಯನ್ನು ಜಿಲ್ಲಾ ಹಂತದಲ್ಲಿಯೇ ಒದಗಿಸಲು ಸಾಧ್ಯವೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಾಯೋಗಿಕ ಯೋಜನೆಯ ಮೂಲಕ ತೋರಿಸಿಕೊಟ್ಟಿತು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಜಾರಿಗೆ ಬಂದಿತು. ಆದಾಗ್ಯೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಹೆಚ್ಚಿನ ಕಾಯಿಲೆಗಳ ವಿಷಯದಲ್ಲಿ ಚಿಕಿತ್ಸೆ ಪಡೆಯದೇ ಇರುವವರ ಪ್ರಮಾಣ ಶೇ. 70ಕ್ಕಿಂತ ಹೆಚ್ಚಿರುವುದು ಕಂಡುಬಂದಿದೆ. ಮನೋವೈದ್ಯರ ಸಂಖ್ಯೆಯೊಂದನ್ನೇ ಹೆಚ್ಚಿಸಿ ಈ ಅಂತರವನ್ನು ತುಂಬಲಾಗದು. ಔಷಧಿ ಆರಂಭಿಸಿದವರು ಅದನ್ನು ಮಧ್ಯದಲ್ಲಿ ಬಿಡದಂತೆ ನೋಡಿಕೊಳ್ಳುವವರೂ ಬೇಕು.

ಪುರಾವೆ ಆಧಾರಿತ ಪದ್ಧತಿ ಎಂದರೇನು?

ಪರೀಕ್ಷಿಸಿ ಫಲ ಕಂಡಿರುವ ವಿಧಾನವನ್ನೇ ಅನುಸರಿಸುವುದು ಹಾಗೂ ಅದರಿಂದ ಈ ರೋಗಿಗೆ ಗುಣ ಕಂಡಿತೇ ಎಂಬುದನ್ನು ಅಳೆದು ನೋಡುವುದು. ಬುದ್ಧಿವಾದ ಹೇಳುವುದು, ಧೈರ್ಯ ತುಂಬುವುದು ಇದಾಗುವುದಿಲ್ಲ. ಅವು ನೆರೆಹೊರೆಯವರಿಂದಲೂ ದೊರೆಯುತ್ತವೆ. ಗೋವಾ ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಆಪ್ತಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದ ಸಮಾಲೋಚನೆಯಿಂದ ತೀವ್ರ ಖಿನ್ನತೆ ಕಡಿಮೆಯಾದುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವು ದೃಢಪಡಿಸಿತು. ರೋಗಿಯು ಬಿಟ್ಟಿದ್ದ ದಿನನಿತ್ಯದ ಚಟುವಟಿಕೆಗಳನ್ನು ಒಂದೊಂದಾಗಿ ಪುನಃ ಆರಂಭಿಸುವಂತೆ ಮಾಡುವುದು ಅದರ ಮುಖ್ಯ ಕ್ರಮ. ನಮ್ಮ ರಾಜ್ಯದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳನ್ನು ಅವರ ಊರಿನಲ್ಲಿಯೇ ಗುರುತಿಸಿ, ಚಿಕಿತ್ಸೆ ನೀಡಿ, ವರ್ಷಗಳ ಕಾಲ ಅನುಸರಣೆ ಮಾಡಿದ ನಿಮ್ಹಾನ್ಸ್‌ನ ಕಾರ್ಯವು ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಉದಾಹರಣೆಯಾಗಿದೆ.

ತರಬೇತಿಯ ಕ್ರಮ

ಸಮಾಜಕಾರ್ಯ ಪದವಿಯಲ್ಲಿ ತರಗತಿಯ ಪಾಠದೊಂದಿಗೆ ಕ್ಷೇತ್ರಕಾರ್ಯವು ಕಡ್ಡಾಯ. ಮಾನಸಿಕ ಆರೋಗ್ಯ ವಿಭಾಗಕ್ಕೆ ನಿಯೋಜಿತರಾದವರು ಮೊದಲು ರೋಗಿಯ ಪೂರ್ವವೃತ್ತಾಂತವನ್ನು ದಾಖಲಿಸಲು ಕಲಿಯುತ್ತಾರೆ. ಬಳಿಕ ಒಂಬತ್ತು ಪ್ರಶ್ನೆಗಳ ಖಿನ್ನತಾ ಮಾಪನ ಪಟ್ಟಿಯಂತಹ ಸಾಧನಗಳನ್ನು ಬಳಸಲು, ಕಾಯಿಲೆಯ ಸ್ವರೂಪವನ್ನು ಕುಟುಂಬದವರಿಗೆ ವಿವರಿಸಲು ಅಭ್ಯಾಸ ಮಾಡಿಸಲಾಗುತ್ತದೆ. ಆತ್ಮಹತ್ಯೆಯ ಆಲೋಚನೆಯಿದೆಯೇ ಎಂದು ನೇರವಾಗಿ ಕೇಳುವುದನ್ನು ಕಲಿಸುವುದು ಅತಿಮುಖ್ಯ. ಹೀಗೆ ಕೇಳುವುದರಿಂದ ಅಂತಹ ಆಲೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಹರಕೆ, ಪೂಜೆಗಳನ್ನು ಬಿಡುವಂತೆ ಕುಟುಂಬಕ್ಕೆ ಹೇಳುವುದು ವಿದ್ಯಾರ್ಥಿಯ ಕೆಲಸವಲ್ಲ. ಅವುಗಳ ಜೊತೆಯಲ್ಲಿ ಮಾತ್ರೆ ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಗ್ರಾಮಗಳು ಹಾಗೂ ಹಾಡಿಗಳಿಂದ ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದ್ದರಿಂದ ರೋಗಿ ಬಾರದಿದ್ದಾಗ ಮನೆ ಭೇಟಿ ಮಾಡಿ ಕಾರಣ ತಿಳಿಯುವುದು ಇಲ್ಲಿ ಪುಸ್ತಕದ ಪಾಠಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ.

ಶೈಕ್ಷಣಿಕ ವರ್ಷ ಮುಗಿದು ವಿದ್ಯಾರ್ಥಿಯು ತೆರಳಿದರೆ ಭೇಟಿಯೂ ನಿಂತುಹೋಗುವುದು ಇಂತಹ ತರಬೇತಿಯ ದೊಡ್ಡ ಕೊರತೆ. ಮೂರು ತಿಂಗಳಲ್ಲಿ ಬೆಳೆದ ನಂಬಿಕೆ ಒಂದು ವಾರದಲ್ಲಿ ಕೆಡಬಹುದು. ಪ್ರತಿಯೊಂದು ಪ್ರಕರಣವನ್ನೂ ಖಾಯಂ ಸಿಬ್ಬಂದಿಗೆ ಅಥವಾ ಆಶಾ ಕಾರ್ಯಕರ್ತೆಗೆ ಕುಟುಂಬದ ಸಮಕ್ಷಮದಲ್ಲಿ ವಹಿಸಿಕೊಟ್ಟ ನಂತರವೇ ಕ್ಷೇತ್ರಕಾರ್ಯ ಪೂರ್ಣಗೊಂಡಿತೆಂದು ಪರಿಗಣಿಸುವುದು ಸೂಕ್ತ.

ವಿದ್ಯಾರ್ಥಿಗಳ ಮಿತಿ ಮತ್ತು ನಾಗರಿಕರ ಹಕ್ಕು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತರೆನಿಸಿಕೊಳ್ಳಲು ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಅಗತ್ಯ. ಹೀಗಾಗಿ ವಿದ್ಯಾರ್ಥಿಯು ರೋಗನಿರ್ಣಯ ಮಾಡುವಂತಿಲ್ಲ. ಔಷಧಿಯನ್ನು ಬದಲಿಸುವಂತೆ ಅಥವಾ ನಿಲ್ಲಿಸುವಂತೆ ಹೇಳುವಂತಿಲ್ಲ. ತಾನು ವಿದ್ಯಾರ್ಥಿಯೆಂದು ಮೊದಲೇ ತಿಳಿಸತಕ್ಕದ್ದು. ವಿದ್ಯಾರ್ಥಿಯೊಂದಿಗೆ ಮಾತನಾಡಲು ಇಷ್ಟವಿಲ್ಲದವರು ಹಾಗೆಂದು ತಿಳಿಸಬಹುದು. ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು. ರೋಗಿಯ ವಿವರಗಳ ಗೌಪ್ಯತೆಯು ಇದೇ ಕಾಯ್ದೆಯ ಕಲಂ 23ರಡಿ ಹಕ್ಕಾಗಿದ್ದು, ವಿದ್ಯಾರ್ಥಿಯ ಪ್ರಕರಣ ವರದಿಯಲ್ಲಿ ರೋಗಿಯ ಹೆಸರು, ಊರು ಇರಕೂಡದು.

ಬಡತನ ರೇಖೆಗಿಂತ ಕೆಳಗಿರುವವರು ಬಿ.ಪಿ.ಎಲ್. ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ ಮಾನಸಿಕ ಚಿಕಿತ್ಸೆಗೆ ಅರ್ಹರು. ಮಾನಸಿಕ ಕಾಯಿಲೆಯಿಂದ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಉಂಟಾಗಿದ್ದಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಭರ್ತಿ ಮಾಡಲು ವಿದ್ಯಾರ್ಥಿಗಳ ನೆರವು ಪಡೆಯಬಹುದು. ಪ್ರಮಾಣಪತ್ರವನ್ನು ನೀಡುವವರು ನಿಗದಿತ ವೈದ್ಯಕೀಯ ಪ್ರಾಧಿಕಾರದವರು ಮಾತ್ರ. ಆಸ್ಪತ್ರೆಗೆ ಬರಲಾಗದ ಸಂದರ್ಭದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವ ವ್ಯವಸ್ಥೆಯಿದೆ.