ಹೂಳಿನಲ್ಲಿ ಉಳಿದ ಲೋಹ

ಬೆಂಗಳೂರಿನ ಬಿಟಿಎಂ ಬಡಾವಣೆಯ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಸೂಚಿಸುತ್ತವೆ. ಮೂರಕ್ಕೂ ಕೆರೆಯಿತ್ತು. ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು, ಅಗರ ಇವೂ ಕೆರೆಯ ಊರುಗಳೇ. ಈ ಕೆರೆಗಳನ್ನು ಕಟ್ಟಿದ್ದು ಗದ್ದೆ ತೋಟಗಳಿಗೆ ನೀರು ಹಾಯಿಸಲು, ಮೀನು ಅದರ ಜೊತೆಗೆ ಬಂದ ಲಾಭ. ಮಳೆಗಾಲಕ್ಕೆ ಕೋಡಿ ಬೀಳುತ್ತಿದ್ದ ಕೆರೆ ಕಡುಬೇಸಿಗೆಯಲ್ಲಿ ತಳ ತೋರಿಸುತ್ತಿತ್ತು. ಆಗ ಊರವರು ಉಳಿದ ಮಡುಗಳಲ್ಲಿ ಗೆಂಡೆ, ಕೊರವ ಮೀನುಗಳನ್ನು ಹಿಡಿದು ಮುಗಿಸುತ್ತಿದ್ದರು. ರೈತರು ಹೂಳನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಅದು ಗೊಬ್ಬರ, ಕೆರೆಗೆ ಅದು ಶುದ್ಧಿ. ಮುಂದೆ ಮೀನಿಗೆ ಏನಾಯಿತು ಎಂಬುದನ್ನು ತಿಳಿಯಲು ಈ ಹೂಳಿನ ಗಾಡಿಯಿಂದಲೇ ಶುರುಮಾಡಬೇಕು.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಒಂದರ ಹಿಂದೊಂದು ಬಂದವು. ಗದ್ದೆ ಹೋದ ಮೇಲೆ ಹೂಳು ಕೇಳುವವರೂ ಇಲ್ಲವಾದರು. 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂತು. ಮನೆಗಳಿಗೆ ಬಂದ ನೀರು ಹೊರಗೂ ಹೋಗಲೇಬೇಕಲ್ಲ. ಒಳಚರಂಡಿ ಹಿಂದೆ ಬಿದ್ದಲ್ಲೆಲ್ಲ ಅದು ರಾಜಕಾಲುವೆ ಹಿಡಿದು ಕೆರೆ ಸೇರಿತು. ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆಗಳು ವರ್ಷವಿಡೀ ತುಂಬಿ ನಿಂತವು. ಇದನ್ನು ಸಮೃದ್ಧಿ ಎಂದು ತಿಳಿದವರೂ ಇದ್ದಿರಬಹುದು. ತಳ ಮಾತ್ರ ಮತ್ತೆ ಬಿಸಿಲು ಕಾಣಲಿಲ್ಲ.

ಚರಂಡಿಯ ಜೊತೆ ಲೋಹವೂ ಬಂತು. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳಿಂದ ಕ್ರೋಮಿಯಂ, ನಿಕ್ಕಲ್, ಸತು; ಹಳೆಯ ಬ್ಯಾಟರಿಯಿಂದ ಸೀಸ; ರಸ್ತೆಯ ದೂಳಿನಿಂದಲೂ ಸೀಸ. ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಯಡಿಯೂರಿನಂಥ ಕೆರೆಗಳಿಗೆ ಗಣೇಶನ ಮೂರ್ತಿಗಳ ಬಣ್ಣವೂ ಸೇರಿತು. ಹೊಳೆಯುವ ಕ್ರೋಮ್ ಹಳದಿ ಎಂದರೆ ಸೀಸದ ಕ್ರೋಮೇಟ್, ಒಂದೇ ಬಣ್ಣದಲ್ಲಿ ಎರಡು ಲೋಹ. ಕೊಳೆ ಕೊಳೆತು ಕರಗುತ್ತದೆ, ಲೋಹ ಕೊಳೆಯುವುದಿಲ್ಲ. ಅದು ಮಣ್ಣಿನ ಕಣಗಳಿಗೆ ಅಂಟಿ ತಳಕ್ಕಿಳಿದು, ಯಾರೂ ಹೊತ್ತೊಯ್ಯದ ಹೂಳಿನಲ್ಲಿ ಪದರ ಪದರವಾಗಿ ಕೂರುತ್ತದೆ.

ಮೀನಿಗೆ ಮೊದಲ ಪೆಟ್ಟು ಬೀಳುವುದು ಕಿವಿರಿಗೆ. ಉಸಿರಾಡುವುದಕ್ಕೂ ಲವಣಗಳನ್ನು ಹೀರುವುದಕ್ಕೂ ಇರುವುದು ಆ ಒಂದೇ ತೆಳು ಪೊರೆ. ಕ್ಯಾಡ್ಮಿಯಂ ಕ್ಯಾಲ್ಸಿಯಂನ ದಾರಿಯಲ್ಲೇ ಒಳನುಗ್ಗಿ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ. ತಾಮ್ರ ಸೋಡಿಯಂ ಹೀರುವಿಕೆಯನ್ನು ಕೆಡಿಸುವುದಲ್ಲದೆ ವಾಸನೆ ಹಿಡಿಯುವ ನರಗಳನ್ನೂ ಮಂಕು ಮಾಡುತ್ತದೆ. ವಾಸನೆ ತಿಳಿಯದ ಮೀನಿಗೆ ಆಹಾರವೂ ಸಿಗದು, ಶತ್ರುವಿನ ಸುಳಿವೂ ಸಿಗದು. ಸೀಸ ರಕ್ತ ತಯಾರಿಕೆಗೆ ಬೇಕಾದ ಕಿಣ್ವವನ್ನು ತಡೆಯುತ್ತದೆ, ದೀರ್ಘಕಾಲದಲ್ಲಿ ಬೆನ್ನೆಲುಬನ್ನೂ ಡೊಂಕಾಗಿಸಬಲ್ಲದು. ಆಮ್ಲಜನಕವಿಲ್ಲದ ಹೂಳಿನಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಚಿಕ್ಕ ಮೀನಿನಿಂದ ದೊಡ್ಡದಕ್ಕೆ ಹೋದಂತೆ ಅದು ಸಾಂದ್ರವಾಗುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ರೋಗದ ಮೂಲ ಈ ರೂಪದ ಪಾದರಸವೇ. ಮೀನಿನ ಯಕೃತ್ತು, ಮೂತ್ರಪಿಂಡಗಳು ಮೆಟಲೋಥಯೋನಿನ್ ಎಂಬ ಪ್ರೋಟೀನಿನಿಂದ ಲೋಹವನ್ನು ಕಟ್ಟಿಹಾಕಲು ನೋಡುತ್ತವೆ. ಆ ಕೆಲಸಕ್ಕೆ ವ್ಯಯವಾದ ಶಕ್ತಿ ಬೆಳವಣಿಗೆಗೂ ಮೊಟ್ಟೆಗೂ ಸಿಗುವುದಿಲ್ಲ.

ಹಾಗಾದರೆ ಮೀನು ಸತ್ತು ತೇಲಬೇಕಿತ್ತಲ್ಲವೇ? ಗಡಸು, ಕ್ಷಾರೀಯ ನೀರಿನಲ್ಲಿ, ಕೊಳೆಯ ಸಾವಯವ ಕಣಗಳ ನಡುವೆ ಲೋಹದ ತೀಕ್ಷ್ಣತೆ ತಗ್ಗುತ್ತದೆ. ಪತ್ರಿಕೆಗಳಲ್ಲಿ ಕಂಡ ದೊಡ್ಡ ಸಾವುಗಳ, ಎಂದರೆ 1995ರ ಸ್ಯಾಂಕಿ ಕೆರೆಯ ಹಾಗೂ 2016ರ ಹಲಸೂರು ಕೆರೆಯ ಸಾವುಗಳ, ಮುಖ್ಯ ಕಾರಣ ಚರಂಡಿ ನೀರಿನಿಂದಾದ ಆಮ್ಲಜನಕದ ಕೊರತೆ. ಲೋಹ ಹಾಗೆ ಸದ್ದು ಮಾಡುವುದಿಲ್ಲ. ಅದು ಮೀನನ್ನು ಸೊರಗಿಸುತ್ತದೆ, ಸಂತತಿಯನ್ನು ಕಡಿಮೆ ಮಾಡುತ್ತದೆ, ಆಮ್ಲಜನಕ ತಗ್ಗಿದ ರಾತ್ರಿಯನ್ನು ದಾಟುವ ಕಸುವನ್ನು ಕಸಿಯುತ್ತದೆ.

ಮೀನುಗಾರಿಕೆಯ ಗುತ್ತಿಗೆಗಳೊಂದಿಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಕೆರೆಗೆ ಬಂದವು. ಜಿಲೇಬಿ ಮೀನು ತಾನಾಗಿಯೇ ಹಬ್ಬಿತು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ. ಮೃಗಾಲ್ ತಳ ಕೆದಕಿ ತಿನ್ನುವುದರಿಂದ ಹೂಳಿನ ಲೋಹಕ್ಕೆ ಹೆಚ್ಚು ಹತ್ತಿರ. ತಿನ್ನುವವರ ಮಟ್ಟಿಗೆ ಒಂದು ಸಮಾಧಾನವಿದೆ: ಸೀಸ, ಕ್ಯಾಡ್ಮಿಯಂಗಳು ಮಾಂಸಖಂಡಕ್ಕಿಂತ ಯಕೃತ್ತು, ಮೂತ್ರಪಿಂಡ, ಕಿವಿರುಗಳಲ್ಲಿ ಹೆಚ್ಚು ಸೇರುತ್ತವೆ, ಆ ಅಂಗಗಳನ್ನು ಮೀನು ಹಸನು ಮಾಡುವಾಗ ಎಸೆಯಲಾಗುತ್ತದೆ. ಇಡಿಯಾಗಿ ಬೇಯುವ ಸಣ್ಣ ಮೀನಿಗೆ ಈ ಮಾತು ಹೊಂದದು. ಮೀಥೈಲ್ ಪಾದರಸವಂತೂ ಮಾಂಸದಲ್ಲೇ ಕೂರುತ್ತದೆ.

ಕೆರೆಯಲ್ಲಿ ನಿಲ್ಲದ್ದು ಮುಂದೆ ಹರಿಯಿತು. ಮಡಿವಾಳದ ನೀರು ಅಗರ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಬಡಾವಣೆಗಳ ಪಶ್ಚಿಮ ಅಂಚಿನ ನೀರು ವೃಷಭಾವತಿ ಹಿಡಿದು ಬೈರಮಂಗಲ ಜಲಾಶಯಕ್ಕೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ಕೆರೆಗಳ ಪುನಶ್ಚೇತನದ ಕಾಲದಲ್ಲಿ ಹೂಳು ಮತ್ತೆ ಮೇಲೆದ್ದಿತು. 2010ರಲ್ಲಿ ಪುಟ್ಟೇನಹಳ್ಳಿಯ ನಿವಾಸಿಗಳು ಕೆರೆಗಾಗಿ ಟ್ರಸ್ಟ್ ಕಟ್ಟಿದರು; 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾಯಿತು; ಯಡಿಯೂರಿನಲ್ಲಿ ಗಣೇಶನ ವಿಸರ್ಜನೆಗೆಂದೇ ಕಲ್ಯಾಣಿ ಬಂತು. ಆದರೆ ಆಮ್ಲಜನಕವಿಲ್ಲದ ತಳದಲ್ಲಿ ಗಂಧಕದೊಡನೆ ಕಟ್ಟಿಕೊಂಡಿದ್ದ ಲೋಹ, ಹೂಳು ಕಲಕಿ ಗಾಳಿ ತಾಕಿದಾಗ ಮತ್ತೆ ನೀರಿಗೆ ಬಿಡುಗಡೆಯಾಗಬಲ್ಲದು. ಆದ್ದರಿಂದ ನೀರು ಪೂರ್ತಿ ಬಸಿದು, ಒಣಗಿದ ಮೇಲೆ ತೆಗೆಯುವುದು ವಾಸಿ. ಹಳೆಯ ರೈತರು ಮಾಡುತ್ತಿದ್ದುದೂ ಅದನ್ನೇ. ಈಗ ತೆಗೆದ ಹೂಳು ಹೊಲಕ್ಕೆ ಹೋಗುವುದಿಲ್ಲ, ಬಹುಪಾಲು ಕೆರೆಯಂಗಳದಲ್ಲೇ ಏರಿಯಾಗಿ, ಹಕ್ಕಿಗಳಿಗೆ ನಡುಗಡ್ಡೆಯಾಗಿ ಉಳಿಯುತ್ತದೆ.