ಹೈದರನ ದಂಡಿನಲ್ಲಿ ಕ್ರೈಸ್ತ ಆರಾಧನೆ

ಉರಿಗಾಮಿನ ಚಿನ್ನದ ಗಣಿಗಳಿಗೆ ಅನತಿದೂರದಲ್ಲಿರುವ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಹೈದರನ ದಂಡಿನಲ್ಲಿ ಫ್ರೆಂಚರು, ಜರ್ಮನ್ನರು ಮೊದಲಾದ ಕ್ರೈಸ್ತ ಸೈನಿಕರೂ ಇದ್ದರು. ಅವರ ಧಾರ್ಮಿಕ ಬದುಕಿನ ಒಂದು ಅಪೂರ್ವ ನೋಟವು ಲೂಥರನ್ ಪಾದ್ರಿ ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ಬರೆದಿಟ್ಟ ದಿನಚರಿಯಲ್ಲಿ ದೊರೆಯುತ್ತದೆ.

ಮದರಾಸಿನ ಇಂಗ್ಲಿಷ್ ಸರ್ಕಾರವು 1779ರಲ್ಲಿ ಈ ಜರ್ಮನ್ ಪಾದ್ರಿಯನ್ನು ಶಾಂತಿಸಂದೇಶದೊಡನೆ ಶ್ರೀರಂಗಪಟ್ಟಣಕ್ಕೆ ಕಳುಹಿಸಿತು. ಅಲ್ಲಿ ಕೋಟೆಯ ಹೊರಗೆ, ಹೈದರನ ಸೇವೆಯಲ್ಲಿದ್ದ ಜರ್ಮನ್ ಅಧಿಕಾರಿಯೊಬ್ಬನ ಡೇರೆಯಲ್ಲಿ ಶ್ವಾರ್ಟ್ಸ್ ಭಾನುವಾರದ ಆರಾಧನೆ ನಡೆಸಿದನು. ಅದನ್ನು ಯಾರೂ ತಡೆಯಲಿಲ್ಲ.

ಆದರೆ ಶಾಂತಿಯ ಯತ್ನ ಫಲಿಸಲಿಲ್ಲ. 1780ರಲ್ಲಿ ಹೈದರನು ಕರ್ನಾಟಿಕ್ ಸೀಮೆಯ ಮೇಲೆ ದಂಡೆತ್ತಿದನು. ಆ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಸೈನ್ಯ ಸೋತಾಗ, ಮೈಸೂರಿನ ಪಕ್ಷದಲ್ಲಿ ಲಾಲಿಯ ಯುರೋಪಿಯನ್ ಪಡೆಯೂ ಇದ್ದಿತು. ಒಂದೇ ಕ್ರಿಸ್ತನನ್ನು ನಂಬಿದವರು ಎರಡೂ ಪಕ್ಷಗಳಲ್ಲಿ ನಿಂತು ಕಾದಾಡಿದರು.

ಹಳಗನ್ನಡದ ಕಾವ್ಯ, ಶಾಸನಗಳು ‘ಜೋಳವಾಳಿ’ ಎಂದು ಕರೆದ ಅನ್ನದ ಋಣವೇ ಈ ಸೈನಿಕರ ನಿಷ್ಠೆಯನ್ನು ನಿರ್ಧರಿಸಿತ್ತು. ಡೇರೆಯ ಪ್ರಾರ್ಥನೆ ಅದಕ್ಕೆ ಅಡ್ಡಿಯಾಗಲಿಲ್ಲ. ಅದನ್ನು ತಡೆಯುವ ಅಗತ್ಯವೂ ದೊರೆಗೆ ಕಾಣಲಿಲ್ಲ. ಮೈಸೂರು ಯುದ್ಧಗಳನ್ನು ಬರಿಯ ಮತಗಳ ಕಾಳಗವೆಂದು ಓದುವವರು ಈ ಡೇರೆಯನ್ನು ಮರೆಯಲಾಗದು.