ಅಗುಳಿನ ಊರಿನಲ್ಲಿ ಎದ್ದ ಗೋಪುರ

ಹೈದರಾಬಾದಿನ ಕನ್ನಡಿಗರಾದ ನಾವು ಡಿಸೆಂಬರ್ ರಜೆಗೆ ಬಂದ ನೆಂಟರನ್ನು ಕರೆದೊಯ್ಯುವ ಸ್ಥಳಗಳಲ್ಲಿ ಮೆದಕ್ ಒಂದು. ನಗರದಿಂದ ಸುಮಾರು 100 ಕಿಲೋಮೀಟರ್. ಕಾಕತೀಯರ ಕಾಲದ ಕೋಟೆ ಹತ್ತಿ, ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮರಳುತ್ತೇವೆ. ಆ ಚರ್ಚು ಎಂಥ ಕಾಲದಲ್ಲಿ, ಯಾರ ಕೈಯಿಂದ ಎದ್ದಿತೆಂದು ಕೇಳುವವರು ಕಡಿಮೆ. ಈ ಸಲ ಅದನ್ನು ಕೊಂಚ ವಿಚಾರಿಸೋಣ.

ಊರಿನ ಹೆಸರಿನಿಂದಲೇ ಆರಂಭಿಸಬಹುದು. ಮೆದಕಿನ ಹಳೆಯ ಹೆಸರು ಮೆತುಕು ಎನ್ನುತ್ತಾರೆ. ತೆಲುಗಿನಲ್ಲಿ ಮೆತುಕು ಎಂದರೆ ಬೆಂದ ಅನ್ನದ ಅಗುಳು. ಹೀಗೆ ಅನ್ನದ ಹೆಸರು ಹೊತ್ತ ಊರೇ ಅನ್ನವಿಲ್ಲದೆ ಬಳಲಿದ ದಿನಗಳುಂಟು.

ಇಲ್ಲಿಗೆ ಬಂದ ವೆಸ್ಲಿಯನ್ ಮಿಷನ್ ನಮ್ಮವರಿಗೆ ಅಪರಿಚಿತವಲ್ಲ. 1887ರಲ್ಲಿ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಹೊರಡಿಸಿದವರು, 1906ರಲ್ಲಿ ಅಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದವರು ಇದೇ ಮಿಷನ್ನಿನವರು. ನಿಜಾಮರ ಸೀಮೆಯಲ್ಲಿ ಅವರ ಕೆಲಸ ಸಿಕಂದರಾಬಾದಿನಿಂದ ಹಬ್ಬಿತು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಇಂಗ್ಲಿಷ್ ಪಾದ್ರಿ ಮೆದಕಿಗೆ ಬಂದು ನೆಲೆಸಿದರು. ಸುತ್ತಲ ಹಳ್ಳಿಗಳಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಬಹುಮಟ್ಟಿಗೆ ಮಾಲ ಮತ್ತು ಮಾದಿಗ ಜನ. ಊರ ಬಾವಿಗೂ ಗುಡಿಗೂ ದೂರವಾಗಿ ಕೇರಿಯಲ್ಲಿ ಬಾಳಿದ ಆ ಜನಕ್ಕೆ ಬರವೆಂಬುದು ಯಾವುದೋ ಒಂದು ವರ್ಷ ಬಂದುಹೋಗುವ ಅತಿಥಿಯಾಗಿರಲಿಲ್ಲ.

1914ರಲ್ಲಿ ಚರ್ಚಿನ ಕೆಲಸ ಆರಂಭವಾಯಿತು. ಅದೇ ವರ್ಷ ಮೊದಲನೆಯ ಮಹಾಯುದ್ಧ ಹತ್ತಿಕೊಂಡಿತು; ಧಾನ್ಯದ ಬೆಲೆ ಏರಿತು. 1918ರಲ್ಲಿ ಮಳೆ ಕೈಕೊಟ್ಟಿತು. ಮೇಲಿಂದ ಇನ್‌ಫ್ಲುಯೆಂಜಾ ಮಹಾಮಾರಿ. ಅಂಥ ದಿನಗಳಲ್ಲಿ ಹಸಿದು ಬಂದವರಿಗೆ ಪಾಸ್ನೆಟ್ಟರು ಗಂಜಿ ಬಡಿಸಿ ಕಳುಹಿಸಬಹುದಾಗಿತ್ತು. ಅವರು ಕೆಲಸ ಕೊಟ್ಟರು, ದುಡಿಮೆಗೆ ಅನ್ನ ಕೊಟ್ಟರು. ಬರಗಾಲದಲ್ಲಿ ಕಟ್ಟಡ ಎಬ್ಬಿಸಿ ಜನರನ್ನು ಬದುಕಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಲಖನೌದ ಬಡಾ ಇಮಾಂಬಾಡಾ 1784ರಲ್ಲಿ ಹೀಗೆಯೇ ಆರಂಭವಾಯಿತೆಂದು ಹೇಳುತ್ತಾರೆ. ಮೆದಕಿನಲ್ಲಿ ಕೂಡಿಬಂದ ವಿಶೇಷವೊಂದಿದೆ. ಯಾವ ಗುಡಿಯ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲವೋ ಅದೇ ಜನ ಕಲ್ಲು ಹೊತ್ತು, ಗಾರೆ ಕಲಸಿ, ತಾವೇ ಒಳಗೆ ಹೋಗಿ ಕೂರಬಹುದಾದ ದೇವರ ಮನೆಯನ್ನು ಕಟ್ಟಿದರು.

10 ವರ್ಷ ಕೆಲಸ ನಡೆದು, 1924ರ ಡಿಸೆಂಬರ್ 25ರಂದು ಚರ್ಚು ಪ್ರತಿಷ್ಠೆಯಾಯಿತು. ಉದ್ದ 200 ಅಡಿ, ಅಗಲ 100 ಅಡಿ, ಗೋಪುರದ ಎತ್ತರ 175 ಅಡಿ. ಚಾರ್‌ಮಿನಾರಿಗೂ ಇದಕ್ಕೂ ಎತ್ತರದ ಪೈಪೋಟಿ ಇತ್ತೆಂಬ ಕಥೆಯನ್ನು ಅಲ್ಲಿಯವರು ರಸವತ್ತಾಗಿ ಹೇಳುತ್ತಾರೆ. ಕೇಳಿ ಸಂತೋಷಪಟ್ಟರೆ ಸಾಕು.

ಇಲ್ಲಿ ಒಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಹಸಿದವನಿಗೆ ಅನ್ನವನ್ನೂ ಮತವನ್ನೂ ಒಂದೇ ಕೈಯಿಂದ ನೀಡಿದರೆ ಅವನು ಯಾವುದನ್ನು ಆರಿಸಿಕೊಂಡನೆಂದು ತಿಳಿಯುವುದು ಹೇಗೆ? ಇದು ನಮ್ಮ ಮನೆಗಳಲ್ಲಿ ಹಲವು ಬಾರಿ ಎದ್ದ ಪ್ರಶ್ನೆ; ಅನ್ಯಾಯವಾದ ಪ್ರಶ್ನೆಯೂ ಅಲ್ಲ. ಅನ್ನಕ್ಕಾಗಿ ಬಂದವರು ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸವಲತ್ತುಗಳು ದೊರೆಯಲಿಲ್ಲ. ಅಂದರೆ ಲಾಭವೆಲ್ಲ ಆಚೆಯ ದಡಕ್ಕೆ ಸರಿದಿತ್ತು. ಕೆಲವರು ದಾಖಲೆಯಲ್ಲಿ ಒಂದು, ಮನೆಯಲ್ಲಿ ಒಂದು ಎಂದು ಬದುಕಿದ್ದೂ ನಿಜ. ಆದರೂ ಆ ಬೆಲೆ ತೆತ್ತು ಆ ನಂಬಿಕೆಯಲ್ಲೇ ಉಳಿದ ಮನೆತನಗಳು ಬಹಳ. ಅಗುಳಿಗಾಗಿಯೇ ಬಂದಿದ್ದರೆ ಅಗುಳು ತಪ್ಪಿದ ದಿನ ಎದ್ದುಹೋಗಬೇಕಿತ್ತು.

ಅವರನ್ನು ಹಿಡಿದು ನಿಲ್ಲಿಸಿದ್ದು ಏನು? ಕ್ರೈಸ್ತರು ಅದನ್ನು ಕೃಪೆ ಎನ್ನುತ್ತಾರೆ. ಕಷ್ಟವೇ ಕೃಪೆ ಎಂದು ಅದರ ಅರ್ಥವಲ್ಲ. ಹಸಿವನ್ನು ವರವೆಂದು ಕರೆಯುವುದು ಹೊಟ್ಟೆ ತುಂಬಿದವರ ಮಾತು. ದೇವರು ಶಿಲುಬೆಯ ಮೇಲೆ ತಾನೇ ನೊಂದವನು, ಆದುದರಿಂದ ನೊಂದವನನ್ನು ಕೈಬಿಡಲಾರ ಎಂಬುದು ಅವರ ಶ್ರದ್ಧೆಯ ತಿರುಳು. ಸಂತ ಪೌಲನು ತನ್ನ ದೇಹದಲ್ಲಿ ನಾಟಿದ ಮುಳ್ಳನ್ನು ತೆಗೆದುಬಿಡೆಂದು ಮೂರು ಬಾರಿ ಬೇಡಿಕೊಂಡನಂತೆ. ಮುಳ್ಳು ಹೋಗಲಿಲ್ಲ, ತಾಳಿಕೊಳ್ಳುವ ಬಲ ಬಂತು.

ಮುಳ್ಳು ಹೋಗದವರ ಕಥೆ ಇದೇ ಮಿಷನ್ನಿನ ಇನ್ನೊಂದು ನೆಲೆಯಲ್ಲಿದೆ. ಸ್ಕಾಟ್ಲೆಂಡಿನ ವೈದ್ಯೆ ಇಸಬೆಲ್ ಕೆರ್ 1907ರಲ್ಲಿ ಪತಿ ಜಾರ್ಜ್ ಕೆರ್ ಅವರೊಡನೆ ಭಾರತಕ್ಕೆ ಬಂದರು. ನಿಜಾಮಾಬಾದಿನಲ್ಲಿ ಅವರು ಕಂಡದ್ದು ಮನೆಯವರೇ ಹೊರಹಾಕಿದ ಕುಷ್ಠರೋಗಿಗಳನ್ನು. ಅವರಿಗಾಗಿ ಸಮೀಪದ ಡಿಚ್‌ಪಲ್ಲಿಯಲ್ಲಿ 1915ರಲ್ಲಿ ಆಸ್ಪತ್ರೆ ತೆರೆಯಿತು. ಕೈತುಂಬ ಹಣ ಕೊಟ್ಟವರು ಯಾರೆಂದರೆ ಆ ಊರಿನ ಹಿಂದೂ ಶ್ರೀಮಂತರಾದ ನರ್ಸಾಗೌಡರು. ರೋಗಕ್ಕೆ ಆಗ ಇದ್ದ ಮದ್ದು ಹಿಡ್ನೋಕಾರ್ಪಸ್ ಎಂಬ ಮರದ ಬೀಜದ ಎಣ್ಣೆ; ಆ ಜಾತಿಯ ಮರ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಇದೆ. ಅದನ್ನು ಸೂಜಿಯ ಮೂಲಕ ಕೊಡುತ್ತಿದ್ದರು. ಬಹುಕಾಲ ಹಿಡಿಯುವ, ನೋವಿನ ಚಿಕಿತ್ಸೆ. ನಂಬಿ ಅವಲಂಬಿಸಬಹುದಾದ ಔಷಧಿ ಬಂದದ್ದು 1940ರ ದಶಕದಲ್ಲಿ. 1932ರಲ್ಲೇ ತೀರಿಕೊಂಡ ಇಸಬೆಲ್ ಅದನ್ನು ಕಾಣಲಿಲ್ಲ. ಆದರೆ ಯಾರೂ ಮುಟ್ಟದ ಕೈಯನ್ನು ಒಬ್ಬರು ಹಿಡಿದು ನೋಡಿ ಔಷಧಿ ಕೊಟ್ಟರಲ್ಲ, ರೋಗಿಗೆ ಅದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಕಾಯಕ, ದಾಸೋಹಗಳ ಮಾತು ಕೇಳಿ ಬೆಳೆದ ನಮಗೆ ಇದು ತೀರ ಹೊರಗಿನದೆನಿಸದು. ಮೆದಕಿನ ಸೀಮೆಗೆ ತಾಗಿಕೊಂಡೇ ಬೀದರ್ ಇದೆ, ಅದರಾಚೆ ಬಸವಣ್ಣನವರ ಕಲ್ಯಾಣವಿದೆ. ಬೇಡುವವನ ಕೈಗೆ ಕೆಲಸ ಕೊಟ್ಟು ಅವನನ್ನು ನೀಡುವವನನ್ನಾಗಿ ಮಾಡುವುದೇ ದೊಡ್ಡ ದಾನ ಎಂಬುದನ್ನು ಈ ನೆಲ ಬೇರೆ ಬೇರೆ ಭಾಷೆಗಳಲ್ಲಿ ಕೇಳಿದೆ.

ಮೆದಕಿನ ಚರ್ಚಿನ ಬಣ್ಣದ ಗಾಜಿನ ಮೂರು ಕಿಟಕಿಗಳಲ್ಲಿ ಯೇಸುವಿನ ಜನನ, ಶಿಲುಬೆಯ ಮರಣ, ಸ್ವರ್ಗಾರೋಹಣಗಳ ಚಿತ್ರಗಳಿವೆ. ಹೊರಗೆ ನಿಂತವರಿಗೆ ಅವು ಮಂಕಾಗಿ ಕಾಣುತ್ತವೆ. ಬಿಸಿಲಿರುವಾಗ ಒಳಗೆ ಹೋದರೆ ಮಾತ್ರ ಬಣ್ಣ ತೆರೆಯುತ್ತದೆ. ಮುಂದಿನ ಸಲ ನೆಂಟರೊಡನೆ ಹೋದಾಗ ಫೋಟೋ ಮುಗಿದ ಮೇಲೆ ಒಂದು ಗಳಿಗೆ ಒಳಗೆ ಕುಳಿತು ಬನ್ನಿ. ಆ ಗೋಡೆಯ ಕಲ್ಲುಗಳನ್ನು ಹೊತ್ತವರ ಹೆಸರು ಎಲ್ಲೂ ಕೆತ್ತಿಲ್ಲ. ಬುತ್ತಿ ಬಿಚ್ಚುವ ಮುನ್ನ ಅವರನ್ನೊಮ್ಮೆ ನೆನೆದರೆ ನಮ್ಮ ಪ್ರವಾಸ ಸಾರ್ಥಕ.